ಮೈಲಿ ಸೊನ್ನೆಗೆ ಕೊನೆಯ ದಿನ: ಡಿಸ್ಮಲ್ ಸ್ವಾಂಪ್ ದಾರಿಯೋ, ವರ್ಜೀನಿಯಾ ಕಟ್ ದಾರಿಯೋ?

ಫ್ಲಾರಿಡಾದಿಂದ ಇಂಟ್ರಾಕೋಸ್ಟಲ್ ಜಲಮಾರ್ಗ (ಅಮೆರಿಕದ ಪೂರ್ವ ಕರಾವಳಿಯ ಒಳದಾರಿ) ಹಿಡಿದು ಉತ್ತರಕ್ಕೆ ಬಂದ ದೋಣಿಗೆ ಅಲ್ಬೆಮಾರ್ಲ್ ಸೌಂಡ್ ಎಂಬ ಹಿನ್ನೀರಿನಲ್ಲಿ ದಾರಿ ಕವಲೊಡೆಯುತ್ತದೆ: ಒಂದು ಡಿಸ್ಮಲ್ ಸ್ವಾಂಪ್ ಕಾಲುವೆ, ಇನ್ನೊಂದು ವರ್ಜೀನಿಯಾ ಕಟ್. ಎರಡೂ ಕವಲು ಕೊನೆಗೆ ಎಲಿಜಬೆತ್ ನದಿಯ ಹಾಸ್ಪಿಟಲ್ ಪಾಯಿಂಟ್ ಬಳಿಯ 36ನೇ ನಂಬರಿನ ಕೆಂಪು ಬೋಯ್‌ಗೇ (ತೇಲುವ ಗುರುತು) ಮುಟ್ಟಿಸುತ್ತವೆ. ಮೈಲಿ ಸೊನ್ನೆ ಎಂದರೆ ಅದೇ, ಮುಂದೆ ಬರುವ ಮೈಲಿ ಸಂಖ್ಯೆಗಳೆಲ್ಲ ಅಲ್ಲಿಂದ ಎಣಿಸಿದವು. ದೂರದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಎರಡರಲ್ಲೂ ಹಾಯ್ದು ನೋಡಿದ ಮೇಲೆ ಉಳಿಯುವ ಪ್ರಶ್ನೆ ಸಮಯದ್ದು. ಕೆಳಗಿನ ಲೆಕ್ಕವೆಲ್ಲ ಗಂಟೆಗೆ 6 ಮೈಲಿ (ಸುಮಾರು 5.2 ನಾಟ್) ಸಾಗುವ ಹಾಯಿದೋಣಿಯದು, ಇಲ್ಲಿನ ಮೈಲಿ ನೆಲದ ಮೈಲಿ, ಕಡಲ ಮೈಲಿಯಲ್ಲ.

ಡಿಸ್ಮಲ್ ಸ್ವಾಂಪ್ ಕಾಲುವೆ 1805ರಲ್ಲಿ ತೆರೆದದ್ದು. ಸೌತ್ ಮಿಲ್ಸ್ (ಮೈಲಿ 32.7) ಮತ್ತು ಡೀಪ್ ಕ್ರೀಕ್ (ಮೈಲಿ 10.6) ಲಾಕ್‌ಗಳ (ನೀರು ತುಂಬಿಸಿಯೋ ಬಸಿದೋ ದೋಣಿಯನ್ನು ಏರಿಸಿ ಇಳಿಸುವ ಬಾಗಿಲಿನ ತೊಟ್ಟಿಗಳು) ನಡುವೆ 22 ಮೈಲಿ ನೇರ ನೀರು. ಗಾಳಿ ಎಷ್ಟೇ ಬೀಸಿದರೂ ಮರಗಳ ನಡುವೆ ಅಲೆ ಏಳುವುದಿಲ್ಲ. ಆದರೆ ನೀರು ಡ್ರಮ್ಮಂಡ್ ಸರೋವರದಿಂದ ಬರಬೇಕು, ಒಂದೊಂದು ಸಲ ಲಾಕ್ ತೆರೆದಾಗಲೂ ಅದು ಖರ್ಚಾಗುತ್ತದೆ. ಹಾಗಾಗಿ ದಿನಕ್ಕೆ ನಾಲ್ಕೇ ಸಲ ತೆರೆಯುವುದು ರೂಢಿ: 8:30, 11:00, 1:30, 3:30. ಬರಗಾಲದಲ್ಲೋ ಚಂಡಮಾರುತದ ನಂತರವೋ ಕಾಲುವೆಯನ್ನೇ ಮುಚ್ಚುವುದುಂಟು. ಹೊರಡುವ ಮುನ್ನ ಕಾಲುವೆ ನಡೆಸುವ ಆರ್ಮಿ ಕೋರ್‌ನ (ಸೇನೆಯ ಎಂಜಿನಿಯರ್ ದಳ) ಪ್ರಕಟಣೆ ನೋಡಲೇಬೇಕು.

ಸೌತ್ ಮಿಲ್ಸ್‌ನಲ್ಲಿ 8:30ರ ಲಾಕ್ ಹಿಡಿದರೆ 9ಕ್ಕೆ ಹೊರಗೆ, ಮಧ್ಯಾಹ್ನ 1ರೊಳಗೆ ಡೀಪ್ ಕ್ರೀಕ್, 1:30ರ ಲಾಕ್ ದಾಟಿ 3ರ ಹೊತ್ತಿಗೆ ಗಿಲ್ಮರ್ಟನ್ ಎಂಬ ಎತ್ತುವ ಸೇತುವೆ. 11ರ ಲಾಕ್ ಹಿಡಿದವರಿಗೆ 3:30ರ ಲಾಕ್ ಸಿಗುತ್ತದೆ, ಗಿಲ್ಮರ್ಟನ್ ಸಿಗುವುದಿಲ್ಲ: ವಾರದ ದಿನಗಳಲ್ಲಿ 3:30ರಿಂದ 5:30ರವರೆಗೆ ಆ ಸೇತುವೆ ಏಳದು. ಇಳಿದಾಗ ಅದರ ಎತ್ತರ 35 ಅಡಿ, ಹಾಯಿಕಂಬ ಅದಕ್ಕಿಂತ ಉದ್ದವಿದ್ದರೆ ಸುಮ್ಮನೆ ಸುತ್ತು ಹಾಕುತ್ತಿರಬೇಕು. ಎಲಿಜಬೆತ್ ಸಿಟಿಯಿಂದ ಬೆಳಿಗ್ಗೆ ಹೊರಟರೆ 18 ಮೈಲಿ, 8:30ಕ್ಕೆ ತಲುಪಲು ಕತ್ತಲಲ್ಲೇ ಏಳಬೇಕು. ಅದರ ಬದಲು ಹಿಂದಿನ ರಾತ್ರಿ ಗೋಟ್ ಐಲ್ಯಾಂಡ್ ಬಳಿ (ಮೈಲಿ 43) ಲಂಗರು ಹಾಕಿದರೆ 6:30ಕ್ಕೆ ಎದ್ದು ಹೊರಟರೂ ನಡೆಯುತ್ತದೆ.

ಲಾಕ್‌ನೊಳಗೆ ಸುಮಾರು 8 ಅಡಿ ಏರಿಳಿತ. ಉತ್ತರಕ್ಕೆ ಹೋಗುವಾಗ ಮೊದಲು ಏರುತ್ತೀರಿ, ಡೀಪ್ ಕ್ರೀಕ್‌ನಲ್ಲಿ ಇಳಿಯುತ್ತೀರಿ. ಅಪಾಯವಿರುವುದು ಇಳಿಯುವಲ್ಲಿ. ಹಗ್ಗವನ್ನು ಮೇಲಿನ ಗೂಟಕ್ಕೆ ಸುತ್ತಿಸಿ ಎರಡೂ ತುದಿ ದೋಣಿಯಲ್ಲೇ ಇಟ್ಟುಕೊಂಡು, ಕ್ಲೀಟ್‌ಗೆ (ಹಗ್ಗ ಸುತ್ತುವ ದೋಣಿಯ ಕೊಕ್ಕೆ) ಒಂದೇ ಸುತ್ತು ಹಾಕಿ, ಕೈಯಿಂದ ಬಿಡುತ್ತಾ ಹೋಗಬೇಕು. ಗಂಟು ಹಾಕಿದರೆ ನೀರು ಇಳಿದಂತೆ ದೋಣಿ ಹಗ್ಗಕ್ಕೆ ಜೋತು ಬೀಳುತ್ತದೆ, ಕ್ಲೀಟ್ ಕಿತ್ತು ಬರಬಹುದು. ಮುಂದಕ್ಕೆ, ಹಿಂದಕ್ಕೆ ತಲಾ 25 ಅಡಿಯದೊಂದು ಹಗ್ಗ ಸಾಕು.

ಕಾಲುವೆಯ ಆಳ 6 ಅಡಿ ಎಂಬುದು ಕಾಗದದ ಮಾತು. ಮುಳುಗಿದ ಮರದ ದಿಮ್ಮಿ ಕೀಲ್‌ಗೆ (ದೋಣಿಯ ತಳದಿಂದ ನೀರಿಗಿಳಿದ ಭಾಗ) ತಾಗಿ ಠಣ್ ಎನ್ನುವುದು ಇಲ್ಲಿ ಮಾಮೂಲು. 5 ಅಡಿಗಿಂತ ಆಳದ ಕೀಲ್ ಇದ್ದರೆ ಈ ದಾರಿ ಬೇಡ. ನಡುನೀರು ಬಿಡಬೇಡಿ, ಅಂಚಿನಲ್ಲಿ ಬಾಗಿದ ಕೊಂಬೆಗಳು ಕಂಬದ ತುದಿಯ ಆಂಟೆನಾ ಕಿತ್ತುಕೊಳ್ಳುತ್ತವೆ. ಬೇಸಿಗೆಯಲ್ಲಿ ಡಕ್‌ವೀಡ್ ಎಂಬ ತೇಲುವ ಸಣ್ಣ ಸಸ್ಯ ಹಸಿರು ಚಾಪೆಯಂತೆ ಹಾಸಿರುತ್ತದೆ. ಅದು ಎಂಜಿನ್ ತಂಪು ಮಾಡುವ ನೀರಿನ ಸ್ಟ್ರೈನರ್‌ಗೆ (ಸೋಸುವ ಬುಟ್ಟಿ) ತುಂಬಿಕೊಂಡರೆ ಎಕ್ಸಾಸ್ಟ್‌ನಿಂದ ಬೀಳುವ ನೀರು ತೆಳುವಾಗುತ್ತದೆ. ಎಂಜಿನ್ ಬಿಸಿಯಾಗುವ ಮೊದಲ ಸೂಚನೆ ಅದು. ಬದಲಿ ಬುಟ್ಟಿ, ಇಂಪೆಲ್ಲರ್ (ನೀರಿನ ಪಂಪಿನ ಚಕ್ರ) ಕೈಗೆ ಸಿಗುವಂತಿರಲಿ. ಚಹಾದ ಬಣ್ಣದ ನೀರು ದೋಣಿಯ ಮೂತಿಗೆ ಕಂದು ಮೀಸೆ ಬರೆಯುತ್ತದೆ, ಆಕ್ಸಾಲಿಕ್ ಆಮ್ಲದಿಂದ ಹೋಗುತ್ತದೆ.

ವರ್ಜೀನಿಯಾ ಕಟ್ ಅಗಲ, ಆಳ (12 ಅಡಿ), ಮತ್ತು ನೀರಸ. ಲಾಕ್ ಒಂದೇ: ಗ್ರೇಟ್ ಬ್ರಿಡ್ಜ್ (ಮೈಲಿ 11.5), 600 ಅಡಿ ಉದ್ದ, ಏರಿಳಿತ ಎರಡು ಮೂರು ಅಡಿ ಅಷ್ಟೇ. ಹಗ್ಗದ ಕೆಲಸ ಮಕ್ಕಳಾಟ. ಕಾಟ ಕೊಡುವುದು ಕರಿಟಕ್ ಸೌಂಡ್. ಅಲ್ಲಿ ನೀರಿನ ಮಟ್ಟ ಚಂದ್ರನ ಮಾತು ಕೇಳುವುದಿಲ್ಲ, ಗಾಳಿಯ ಮಾತು ಕೇಳುತ್ತದೆ. ಉತ್ತರದ ಗಾಳಿ ಎರಡು ದಿನ ಬೀಸಿದರೆ ಸೌಂಡ್‌ನ ಉತ್ತರದ ತುದಿಯಲ್ಲಿ ನೀರು ತಗ್ಗುತ್ತದೆ, ಗುರುತಿನ ಹಾದಿ ತಪ್ಪಿದವರು ಕೆಸರಿನಲ್ಲಿ ಕೂರುತ್ತಾರೆ. ಉತ್ತರಕ್ಕೆ ಹೋಗುವಾಗ ಹಳದಿ ತ್ರಿಕೋನದ ಗುರುತು ಎಡಕ್ಕಿರಬೇಕು.

ಕಾಯಿನ್‌ಜಾಕ್‌ನಿಂದ (ಮೈಲಿ 50) 6ಕ್ಕೆ ಹೊರಟರೆ ನಾರ್ತ್ ಲ್ಯಾಂಡಿಂಗ್ ಸೇತುವೆ 11ಕ್ಕೆ, ಸೆಂಟರ್‌ವಿಲ್ ಸೇತುವೆ ಮಧ್ಯಾಹ್ನ 12ಕ್ಕೆ. ಲಾಕ್‌ಗೆ ಮುಂಚೆ ಸಿಗುವ ಗ್ರೇಟ್ ಬ್ರಿಡ್ಜ್ ಸೇತುವೆ ಏಳುವುದು ಗಂಟೆಗೊಮ್ಮೆ, 1ರದ್ದು ಸಿಗುತ್ತದೆ. ಲಾಕ್ ಮುಗಿಸಿ ಗಿಲ್ಮರ್ಟನ್ 2:30ಕ್ಕೆ. ಮಧ್ಯೆ ಒಂದು ಗಂಟೆ ತಪ್ಪಿದರೂ ಬಚಾವಾಗಬಹುದು.

ಎರಡು ದಾರಿಗೂ ಕೊನೆಯ 6 ಮೈಲಿ ಒಂದೇ. ಗಿಲ್ಮರ್ಟನ್ ಪಕ್ಕದ ರೈಲು ಸೇತುವೆ ಇಳಿದಿದ್ದರೆ ಗಿಲ್ಮರ್ಟನ್ ಕೂಡ ಏಳುವುದಿಲ್ಲ, ಎಷ್ಟು ಬೇಗ ಬಂದಿದ್ದರೂ ಸರಿ. ದೋಣಿಯ ವಿಎಚ್‌ಎಫ್ ರೇಡಿಯೋದ 13ನೇ ಚಾನೆಲ್‌ನಲ್ಲಿ ಮೊದಲೇ ಕೇಳಿಕೊಳ್ಳಿ. ಕೀಲ್ ಚಿಕ್ಕದಿದ್ದು ಗಾಳಿ ಜೋರಿದ್ದರೆ ಡಿಸ್ಮಲ್; ಮಿಕ್ಕ ದಿನಗಳಲ್ಲಿ, ಅದರಲ್ಲೂ ಬೇಸಿಗೆಯಲ್ಲಿ, ಕಟ್.