ಟ್ರೇಲರಿನ ಚಾವಣಿಗೆ ಮ್ಯಾಕ್ಸ್‌ಫ್ಯಾನ್ ಡೀಲಕ್ಸ್: ಒಗ್ಗರಣೆ ಹಾಕುವವರಿಗೆ ಮೊದಲ ಸುಧಾರಣೆ

ಅಮೆರಿಕದಲ್ಲಿ ಹಳೆಯ ಟ್ರಾವೆಲ್ ಟ್ರೇಲರ್ (ವಾಹನದ ಹಿಂದೆ ಕಟ್ಟಿ ಎಳೆದೊಯ್ಯುವ ಚಕ್ರದ ಮನೆ) ಕೊಂಡವರು ಅದನ್ನು ಸುಧಾರಿಸಲು ಹೊರಟಾಗ ಹೆಚ್ಚಾಗಿ ಲಿಥಿಯಂ ಬ್ಯಾಟರಿ ಮತ್ತು ಸೋಲಾರ್ ಪ್ಯಾನೆಲ್‌ಗಳ ಬಗ್ಗೆಯೇ ಯೋಚಿಸುತ್ತಾರೆ. ಆದರೆ ಒಳಗೇ ಅಡುಗೆ ಮಾಡಿಕೊಳ್ಳುವ ನಮ್ಮಂಥ ಕುಟುಂಬಗಳು ಎಲ್ಲಕ್ಕಿಂತ ಮೊದಲು ಬದಲಾಯಿಸಬೇಕಾದದ್ದು ಚಾವಣಿಯ ಕಿಂಡಿಯಲ್ಲಿ ಕೂತು ಒಳಗಿನ ಗಾಳಿಯನ್ನು ಹೊರಹಾಕುವ ಫ್ಯಾನ್ ಎಂಬುದು ನನ್ನ ಖಚಿತ ಅಭಿಪ್ರಾಯ. ಒಣಮೆಣಸಿನಕಾಯಿ, ಇಂಗು ಹಾಕಿದ ಒಗ್ಗರಣೆಯ ಘಾಟು ಅಷ್ಟು ಚಿಕ್ಕ ಜಾಗದಲ್ಲಿ ಹಾಸಿಗೆ, ಪರದೆಗಳಿಗೆಲ್ಲ ಹಿಡಿದುಕೊಳ್ಳುತ್ತದೆ. ಟ್ರೇಲರಿನೊಂದಿಗೆ ಬಂದಿದ್ದ ಒಂದೇ ವೇಗದ ಪುಟ್ಟ ಫ್ಯಾನಿಗೆ ಅದನ್ನು ಹೊರಹಾಕುವ ಶಕ್ತಿ ಇರಲಿಲ್ಲ, ಮಳೆ ಬಂದರಂತೂ ಅದರ ಮುಚ್ಚಳವನ್ನೇ ಮುಚ್ಚಬೇಕಾಗುತ್ತಿತ್ತು.

ಅದರ ಜಾಗದಲ್ಲಿ ಕೂಡಿಸಿದ ಮ್ಯಾಕ್ಸ್‌ಏರ್ ಕಂಪನಿಯ ಮ್ಯಾಕ್ಸ್‌ಫ್ಯಾನ್ ಡೀಲಕ್ಸ್‌ಗೆ 10 ವೇಗಗಳಿವೆ. ಗಾಳಿಯನ್ನು ಹೊರಗೂ ತಳ್ಳುತ್ತದೆ, ಬೇಕೆಂದಾಗ ಒಳಗೂ ಎಳೆಯುತ್ತದೆ. ಮಳೆ ತಡೆಯುವ ಮರೆ ಮುಚ್ಚಳದ ರಚನೆಯಲ್ಲೇ ಸೇರಿರುವುದರಿಂದ ಮಳೆ ಸುರಿಯುತ್ತಿರುವಾಗಲೂ ಸಾರು ಕುದಿಸಬಹುದು. ಯೊಸೆಮಿಟಿಯಂತಹ ರಾಷ್ಟ್ರೀಯ ಉದ್ಯಾನದ ಕ್ಯಾಂಪ್‌ಗ್ರೌಂಡುಗಳಲ್ಲಿ ಟ್ರೇಲರಿಗೆ ವಿದ್ಯುತ್ ಸಂಪರ್ಕ ಸಿಗುವುದಿಲ್ಲವಾದ್ದರಿಂದ 120 ವೋಲ್ಟ್ ಬೇಡುವ ಏಸಿ ಅಲ್ಲಿ ಸುಮ್ಮನೆ ಕುಳಿತಿರುತ್ತದೆ. 12 ವೋಲ್ಟ್ ಬ್ಯಾಟರಿಯಿಂದಲೇ ನಡೆಯುವ ಈ ಫ್ಯಾನ್ ಮಾತ್ರ, ಕಡಿಮೆ ವೇಗದಲ್ಲಿಟ್ಟರೆ, ಬ್ಯಾಟರಿಯನ್ನು ಅಷ್ಟಾಗಿ ಕರಗಿಸದೆ ರಾತ್ರಿಯಿಡೀ ತಿರುಗುತ್ತದೆ. ಗರಿಷ್ಠ ವೇಗದಲ್ಲಿ ಸದ್ದು ಜೋರಾಗಿಯೇ ಇರುತ್ತದೆ, ಆದರೆ ಅಷ್ಟು ವೇಗ ಬೇಕಾಗುವುದು ಒಗ್ಗರಣೆಯ ಕೆಲವು ನಿಮಿಷಗಳಿಗಷ್ಟೆ.

ಅಳವಡಿಕೆಯಲ್ಲಿ ನಿಜವಾದ ಶ್ರಮವಿರುವುದು ಹಳೆಯ ಅಂಟನ್ನು ಕೀಳುವುದರಲ್ಲಿ. ಬಹುತೇಕ ಟ್ರೇಲರುಗಳಲ್ಲಿರುವ 14 ಅಂಗುಲದ ಚೌಕ ಕಿಂಡಿಗೇ ಇದು ಕೂರುವುದರಿಂದ ಚಾವಣಿಯನ್ನು ಹೊಸದಾಗಿ ಕತ್ತರಿಸುವ ಅಗತ್ಯವಿಲ್ಲ. ಚಾವಣಿಯ ಮೇಲಿನ ರಬ್ಬರ್ ಹೊದಿಕೆ ಹರಿಯದಂತೆ ಪ್ಲಾಸ್ಟಿಕ್ ಪಟ್ಟಿಯಿಂದ ಹಳೆಯದನ್ನೆಲ್ಲ ಕೆರೆದು, ಫ್ಯಾನಿನ ಚೌಕಟ್ಟಿನ ಅಡಿಗೆ ಬ್ಯುಟೈಲ್ ಟೇಪ್ (ನೀರು ಸೋರದಂತೆ ತಡೆಯುವ ಮೆತ್ತನೆಯ ಅಂಟುಪಟ್ಟಿ) ಇಟ್ಟು ಸ್ಕ್ರೂ ಬಿಗಿದರೆ, ಹೆಚ್ಚಾದ ಟೇಪು ಅಂಚಿನಿಂದ ಬೂದುಬಣ್ಣದ ಎಳೆಯಾಗಿ ಹೊರಗೆ ಉಕ್ಕುತ್ತದೆ. ನಾಲ್ಕೂ ಬದಿಯಲ್ಲಿ ಹಾಗೆ ಉಕ್ಕಿದರೆ ಮಾತ್ರ ಅಡಿ ಸರಿಯಾಗಿ ಕೂತಿದೆ ಎಂದು ತಿಳಿಯಬೇಕು. ಆಮೇಲೆ ಪ್ರತಿ ಸ್ಕ್ರೂವಿನ ತಲೆಯೂ ಮುಚ್ಚುವಂತೆ ಚಾವಣಿಗೆಂದೇ ಬರುವ, ಸೋರಿಕೆ ತಡೆಯುವ ಲ್ಯಾಪ್ ಸೀಲಂಟ್ ಎಂಬ ಅಂಟನ್ನು ಸುರಿಯಬೇಕು. ಮನೆಗೆ ಬಳಸುವ ಸಿಲಿಕೋನ್ ಇಲ್ಲಿ ಸಲ್ಲದು, ಏಕೆಂದರೆ ಅದು ರಬ್ಬರಿಗೆ ಗಟ್ಟಿಯಾಗಿ ಹಿಡಿಯುವುದಿಲ್ಲ, ಮುಂದೆ ಅದರ ಮೇಲೆ ಬೇರಾವ ಅಂಟೂ ನಿಲ್ಲುವುದಿಲ್ಲ. ಒಳಗಿನ ಅಲಂಕಾರಿಕ ಚೌಕಟ್ಟನ್ನು ಚಾವಣಿಯ ದಪ್ಪಕ್ಕೆ ತಕ್ಕಂತೆ ಕತ್ತರಿಸಿಕೊಳ್ಳಬೇಕು. ಅದು ಸಣ್ಣ ಕೆಲಸ.

ಬಿಳಿ ಮುಚ್ಚಳದ ಮಾದರಿಯಲ್ಲಿ ಬೆಳಕು ಒಳಗಿಳಿಯುತ್ತದೆ. ಬೆಳಗಿನ ನಿದ್ದೆ ಬೇಕೆನ್ನುವವರು ಹೊಗೆಬಣ್ಣದ್ದನ್ನು ಆರಿಸಿಕೊಳ್ಳಲಿ.

ಬಳಸುವಾಗ ಒಂದು ಎಚ್ಚರಿಕೆ ಅತ್ಯಗತ್ಯ. ಎಲ್ಲ ಕಿಟಕಿಗಳನ್ನು ಮುಚ್ಚಿ ಗಾಳಿಯನ್ನು ಹೊರತಳ್ಳಿಸಿದರೆ, ಗ್ಯಾಸಿನಲ್ಲಿ ನಡೆಯುವ ಉಪಕರಣಗಳ ಹೊಗೆಯನ್ನು ಒಳಕ್ಕೆ ಸೆಳೆಯುವ ಅಪಾಯವಿದೆ. ಆದ್ದರಿಂದ ಫ್ಯಾನಿನಿಂದ ದೂರದ, ಒಲೆಯ ಆಚೆ ಬದಿಯ ಒಂದು ಕಿಟಕಿಯನ್ನು ಮೊದಲೇ ತೆರೆದಿಡಬೇಕು. ಆಗ ಹೊಸ ಗಾಳಿ ಒಲೆಯ ಮೇಲಿಂದಲೇ ಹಾಯ್ದು, ಘಾಟನ್ನು ಎಳೆದುಕೊಂಡು ಹೊರಗೆ ಹೋಗುತ್ತದೆ.