ಹೊಸ ಟ್ರೈಲರ್, ಡಿಸ್ಕೋ ಲೈಟು, ಅರ್ಧ ಬ್ರೇಕು: ಮನೆ ಹತ್ತಿರಕ್ಕೇ ಬರುವ ಆರ್‌ವಿ ಮೆಕ್ಯಾನಿಕ್ ಬಗ್ಗೆ

ಕ್ಯಾಲಿಫೋರ್ನಿಯಾದ 680 ಹೆದ್ದಾರಿಯಲ್ಲಿ ಸುನೋಲ್ ಗ್ರೇಡ್ ಅನ್ನುವ ಘಾಟಿ ಇಳಿಯುವಾಗ ಹಿಂದಿನಿಂದ ಯಾರೋ ತಳ್ಳುತ್ತಿದ್ದಾರೆ ಅನ್ನಿಸಿತು. ತಳ್ಳುತ್ತಿದ್ದದ್ದು ಪಿಕಪ್ ಟ್ರಕ್ಕಿಗೆ ಕಟ್ಟಿ ಎಳೆಯುತ್ತಿದ್ದ ನಮ್ಮದೇ ಆರ್‌ವಿ ಟ್ರೈಲರ್, ಅಂದರೆ ಚಕ್ರದ ಮೇಲಿನ ಪುಟ್ಟ ಮನೆ. ಶೋರೂಮಿನಿಂದ ಬಂದು ಮೂರು ವಾರ ಆಗಿತ್ತು. ಎರಡು ಆಕ್ಸಲ್, 24 ಅಡಿ, ಸಾಮಾನು ತುಂಬಿದರೆ ಹತ್ತಿರ ಹತ್ತಿರ ಎರಡೂವರೆ ಟನ್. ಟ್ರಕ್ಕಿನೊಳಗಿಂದ ಟ್ರೈಲರ್ ಬ್ರೇಕಿಗೆ ಕರೆಂಟು ಕೊಡುವ ಕಂಟ್ರೋಲರ್‌ನಲ್ಲಿ ಗೇನ್, ಅಂದರೆ ಹಿಡಿತದ ಬಲ, ಎಂಟಕ್ಕೆ ಏರಿಸಿದೆ, ಹತ್ತಕ್ಕೆ ಏರಿಸಿದೆ. ಏನೂ ವ್ಯತ್ಯಾಸ ಇಲ್ಲ. ಅಷ್ಟರಲ್ಲಿ ಹಿಂದಿನ ಕಾರಿನಲ್ಲಿದ್ದ ನಮ್ಮ ಗೆಳತಿ ಫೋನ್ ಮಾಡಿದಳು. "ಲೇ, ನಿಮ್ಮ ಟ್ರೈಲರ್ ಲೈಟು ಡಿಸ್ಕೋ ಆಡ್ತಾ ಇದೆ ಕಣೇ. ನೀನು ಎಡಕ್ಕೋ ಬಲಕ್ಕೋ?"

ಪಿನ್ನಕಲ್ಸ್‌ನಲ್ಲಿ ಎರಡು ರಾತ್ರಿಗೆ ಬುಕ್ ಮಾಡಿದ್ದ ಕ್ಯಾಂಪಿನ ಜಾಗ ಹೋಯಿತು. ಫ್ರೀಮಾಂಟ್‌ನಲ್ಲಿ ಎಕ್ಸಿಟ್ ತಗೊಂಡು, ನಿಧಾನವಾಗಿ ಲಿವರ್‌ಮೋರ್‌ನ ಸ್ಟೋರೇಜ್ ಯಾರ್ಡ್‌ಗೆ ವಾಪಸ್ ಬಂದೆವು. ಫ್ರಿಜ್ಜಿನಲ್ಲಿದ್ದ ಇಡ್ಲಿ ಹಿಟ್ಟನ್ನು ಮನೆಯಲ್ಲೇ ಬೇಯಿಸಿ ತಿಂದೆವು.

ಈಗ ಲೈಟಿನ ವಿಷಯ. ಎಡಕ್ಕೆ ಇಂಡಿಕೇಟರ್ ಹಾಕಿದರೆ ಎರಡೂ ಕಡೆ ಮಂಕಾಗಿ ಮಿಣಮಿಣ. ಟೇಲ್ ಲ್ಯಾಂಪ್ ಹಾಕಿ ಬ್ರೇಕ್ ಒತ್ತಿದರೆ ಉರಿಯುತ್ತಿದ್ದದ್ದೂ ಆರುತ್ತದೆ. ಟ್ರೈಲರ್ ಮಾರಿದವರಿಗೆ ಫೋನ್ ಮಾಡಿದೆ. (ಹೆಸರು ಬೇಡ ಬಿಡಿ.) "ಕೊಡುವಾಗ ಎಲ್ಲ ಚೆಕ್ ಮಾಡಿದ್ದೇವೆ, ನಿಮ್ಮ ಟ್ರಕ್ಕಿನ ಸಾಕೆಟ್ ಸರಿ ಇಲ್ಲ" ಅಂದರು. ಬ್ರೇಕ್ ಬಗ್ಗೆ ಕೇಳಿದರೆ, ಹೊಸ ಬ್ರೇಕು, ಪಳಗಲಿ ಅಂದರು. ಇದು ಅರ್ಧ ನಿಜ. ಹೊಸ ಬ್ರೇಕ್ ಶೂ ಚಕ್ರದ ಡ್ರಮ್ಮಿಗೆ ಕೂರೋದಕ್ಕೆ ಸ್ವಲ್ಪ ಓಡಬೇಕು, ಮೊದಲ 200 ಮೈಲಿ ಆದಮೇಲೆ ಅಡ್ಜಸ್ಟ್‌ಮೆಂಟ್ ಕೂಡ ನೋಡಿಸಬೇಕು. ಆದರೆ ಪಳಗದ ಬ್ರೇಕ್ ಸ್ವಲ್ಪವಾದರೂ ಹಿಡಿಯಬೇಕಲ್ವಾ? ಸರ್ವಿಸ್‌ಗೆ ಅಪಾಯಿಂಟ್‌ಮೆಂಟ್ ಕೇಳಿದರೆ ಐದು ವಾರ. ಟ್ರಕ್ಕಿನ ಕಡೆಯವರು ಕಂಪ್ಯೂಟರ್ ಹಾಕಿ ನೋಡಿ "ಟ್ರಕ್ ಸರಿ ಇದೆ, ಟ್ರೈಲರ್ ನೋಡಿಸಿ" ಅಂದರು. ಅತ್ತೆ ಮನೆಗೂ ತವರಿಗೂ ಓಡಾಡಿದ ಹಾಗಾಯಿತು ನನ್ನ ಪಾಡು.

ಜಗಳ ಬಿಡಿಸಿದ್ದು ಹದಿನೆಂಟು ಡಾಲರಿನ ಒಂದು ಟೆಸ್ಟರ್. ಟ್ರೈಲರಿನ ಪ್ಲಗ್ ಸೇರುವ ಟ್ರಕ್ಕಿನ ಏಳು ಪಿನ್ ಸಾಕೆಟ್‌ಗೆ ಚುಚ್ಚಿದರೆ ಒಂದೊಂದು ಲೈನಿಗೂ ಒಂದೊಂದು ಪುಟ್ಟ ದೀಪ ಹತ್ತುತ್ತದೆ. ನಾನು ಒಳಗೆ ಕೂತು ಇಂಡಿಕೇಟರ್, ಬ್ರೇಕ್, ಹೆಡ್‌ಲೈಟ್ ಹಾಕುತ್ತಾ ಹೋದೆ, ನನ್ನ ಗಂಡ ಹಿಂದೆ ನಿಂತು ಕೂಗುತ್ತಾ ಹೋದ. ಎಲ್ಲ ಹತ್ತಿದವು. ಅಲ್ಲಿಗೆ ಟ್ರಕ್ಕಿನ ಮೇಲಿನ ಅನುಮಾನ ಮುಗಿಯಿತು. ಟ್ರೈಲರ್ ಇಟ್ಟುಕೊಂಡಿರುವವರು ಈ ಟೆಸ್ಟರ್ ಒಂದನ್ನು ತಗೊಂಡುಬಿಡಿ.

ಆಮೇಲೆ ನಾನೊಂದು ದಡ್ಡ ಕೆಲಸ ಮಾಡಲು ಹೊರಟಿದ್ದೆ. ಟ್ರೈಲರ್ ಮುಂಭಾಗದ ಜಂಕ್ಷನ್ ಬಾಕ್ಸ್ ತೆಗೆದು ನೋಡಿದರೆ, ಕಂದು ವೈರು ಬಲಗಡೆ ಇಂಡಿಕೇಟರ್‌ಗೆ ಹೋಗಿದೆ. ನಾನು ಓದಿದ್ದ ಚಿತ್ರದಲ್ಲಿ ಕಂದು ಅಂದರೆ ಟೇಲ್ ಲ್ಯಾಂಪ್. ಸಿಕ್ಕಿಬಿತ್ತು ಕಳ್ಳ ಅಂತ ಕಟರ್ ಕೈಗೆ ತಗೊಂಡೆ. ಪುಣ್ಯಕ್ಕೆ ಕತ್ತರಿಸಲಿಲ್ಲ. ನಾನು ನೋಡಿದ್ದು ಸಣ್ಣ ಟ್ರೈಲರ್‌ಗಳ ನಾಲ್ಕು ಪಿನ್ನಿನ ಚಿತ್ರ. ಅದರಲ್ಲಿ ಕಂದು ಟೇಲ್ ಲ್ಯಾಂಪ್, ಹಸಿರು ಬಲ ಇಂಡಿಕೇಟರ್. ಆರ್‌ವಿಯ ಏಳು ಪಿನ್ನಿನಲ್ಲಿ ಅದೇ ಉಲ್ಟಾ: ಹಸಿರು ಟೇಲ್ ಲ್ಯಾಂಪ್, ಕಂದು ಬಲ ಇಂಡಿಕೇಟರ್. ನೀಲಿ ಬ್ರೇಕಿಗೆ, ಬಿಳಿ ಗ್ರೌಂಡಿಗೆ, ಅಂದರೆ ಕರೆಂಟು ವಾಪಸ್ ಹೋಗುವ ದಾರಿಗೆ; ಊರಲ್ಲಿ ಅರ್ಥ್ ಅನ್ನೋದು ಇದನ್ನೇ. ಬಣ್ಣ ನಂಬಿ ಕತ್ತರಿಸಿದ್ದರೆ ಸರಿ ಇದ್ದದ್ದೂ ಕೆಡುತ್ತಿತ್ತು.

ಆ ರಾತ್ರಿ ಮಂಡ್ಯಕ್ಕೆ ಫೋನ್ ಮಾಡಿದೆ. ನಮ್ಮ ಚಿಕ್ಕಪ್ಪ ಮೂವತ್ತು ವರ್ಷ ಲಾರಿ, ಟ್ರ್ಯಾಕ್ಟರುಗಳಿಗೆ ವೈರಿಂಗ್ ಮಾಡಿದವರು. ಅವರ ಕಾಲದಲ್ಲಿ ಕಬ್ಬಿನ ಟ್ರೈಲರುಗಳಿಗೆ ಹಿಂದೆ ಲೈಟೇ ಇರುತ್ತಿರಲಿಲ್ಲ, ಅದು ಬೇರೆ ಮಾತು. ನಾನು ಪೂರ್ತಿ ಹೇಳುವುದಕ್ಕೂ ಬಿಡಲಿಲ್ಲ. "ಎಲ್ಲಾ ಒಟ್ಟಿಗೆ ಮಿಣುಕ್ತವೆ ಅಂದ್ರೆ ಬಾಡಿ ಅರ್ಥ್ ಇಲ್ಲ ಕಣವ್ವ. ಮೀಟರ್ ನಂಬ್ಬೇಡ, ಬಲ್ಬ್ ಹಾಕಿ ನೋಡು."

ಮೀಟರಿನಲ್ಲಿ ನನಗೆ 12.3 ವೋಲ್ಟ್ ಚೆನ್ನಾಗಿಯೇ ಬಂದಿತ್ತು. ಬಲ್ಬ್ ಹಾಕೋದು ಏನು ಅಂತ ಅರ್ಥವಾಗಲಿಲ್ಲ. ಟ್ರೈಲರ್ ಕೆಳಗೆ ಮಲಗಿ ಹುಡುಕುವ ಉತ್ಸಾಹವೂ ಮುಗಿದಿತ್ತು. ಹಾಗೆ ನಾವಿದ್ದಲ್ಲಿಗೇ ಬಂದು ರಿಪೇರಿ ಮಾಡುವ ಈ ಮೆಕ್ಯಾನಿಕ್‌ನ ಕರೆದದ್ದು.

ಫೋನಿನಲ್ಲೇ ಆತ ಹೇಳಿದ ಮೊದಲ ಮಾತು ನನಗೆ ಹಣ ಉಳಿಸಿತು. "ವಾರಂಟಿ ಇದೆ ತಾನೆ? ನಾನು ಕೈ ಹಾಕುವ ಮೊದಲು ಟ್ರೈಲರ್ ತಯಾರಿಸಿದ ಕಂಪನಿಗೇ ಫೋನ್ ಮಾಡಿ ಅನುಮತಿ ನಂಬರ್ ತಗೊಳ್ಳಿ." ಮುಕ್ಕಾಲು ಗಂಟೆ ಹಾಡು ಕೇಳಿಸಿದ ಮೇಲೆ ನಂಬರ್ ಕೊಟ್ಟರು.

ಹತ್ತು ಗಂಟೆಗೆ ಬರಬೇಕಾದವರು ಹನ್ನೊಂದೂವರೆಗೆ ಬಂದರು. ಒಂದು ಮೆಸೇಜ್ ಬಿಟ್ಟರೆ ಸುದ್ದಿಯಿಲ್ಲ. ಅರುವತ್ತರ ಆಸುಪಾಸು, ಹಳೇ ವ್ಯಾನು, ಮಾತು ಜಾಸ್ತಿ. ಆದರೆ ಕೆಲಸ ಶುರುವಾದ ಮೇಲೆ ನಾನು ಗಡಿಯಾರ ನೋಡಲಿಲ್ಲ.

ಮೊದಲು ಹಿಚ್ ಬಾಲ್, ಅಂದರೆ ಟ್ರೈಲರ್ ಕೂರುವ ಟ್ರಕ್ಕಿನ ಹಿಂದಿನ ಗುಂಡು, ಮುಟ್ಟಿ, ಬೆರಳು ಮೂಸಿ, "ಗ್ರೀಸ್ ಯಾವಾಗ ಹಚ್ಚಿದಿರಿ?" ಅಂತ ಕೇಳಿದರು. ಹೊರಡುವ ಹಿಂದಿನ ದಿನ ನಾನೇ ಹಚ್ಚಿದ್ದೆ. ಆತ ನಕ್ಕರು. ಟ್ರಕ್ಕಿನ ಲೈಟೆಲ್ಲ ಹಾಕಿಸಿ, ಮೀಟರಿನ ಒಂದು ಕಡ್ಡಿ ಟ್ರಕ್ಕಿನ ಚಾಸಿಗೆ, ಇನ್ನೊಂದು ಟ್ರೈಲರ್ ಚಾಸಿಗೆ ಇಟ್ಟರು. ಸೊನ್ನೆ ಬರಬೇಕಾದ ಕಡೆ ನಾಲ್ಕು ವೋಲ್ಟ್. ಬಿಳಿ ವೈರು ಕೆಲಸ ಮಾಡುತ್ತಿಲ್ಲ, ಇಷ್ಟು ದಿನ ಕರೆಂಟು ಬಾಲ್ ಮೂಲಕವೇ ವಾಪಸ್ ಹೋಗುತ್ತಿತ್ತು. ಬಾಲ್ ಒಣಗಿದ್ದಾಗ ಲೋಹಕ್ಕೆ ಲೋಹ ತಾಗಿ ಲೈಟು ಉರಿಯುತ್ತಿತ್ತು. ಶೋರೂಮಿನ ಅಂಗಳದಲ್ಲಿ ಎಲ್ಲ ಸರಿ ಕಂಡದ್ದು ಅದಕ್ಕೇ. ನಾನು ಗ್ರೀಸ್ ಹಚ್ಚಿದೆ, ದಾರಿ ಮುಚ್ಚಿತು.

ವ್ಯಾನಿನಿಂದ ಎರಡು ವೈರು ಕಟ್ಟಿದ ಒಂದು ಹಳೇ ಬಲ್ಬ್ ತಂದರು. ಚಿಕ್ಕಪ್ಪನ ಅಂಗಡಿಯಲ್ಲಿ ಮೊಳೆಗೆ ನೇತು ಹಾಕಿರುತ್ತಿದ್ದದ್ದೇ! ನಾನು ಮೀಟರ್ ಇಟ್ಟ ಜಾಗಕ್ಕೇ ಅದನ್ನು ಇಟ್ಟರು. ಬೂದಿ ಮುಚ್ಚಿದ ಕೆಂಡದ ಹಾಗೆ ಒಂಚೂರು ಕೆಂಪಾಯಿತು, ಅಷ್ಟೇ. ಮೀಟರ್ ಹೆಚ್ಚುಕಡಿಮೆ ಕರೆಂಟನ್ನೇ ಎಳೆಯುವುದಿಲ್ಲ, ಹಾಗಾಗಿ ತುಕ್ಕು ಹಿಡಿದ ಜಾಯಿಂಟಿನಲ್ಲೂ 12 ತೋರಿಸುತ್ತದೆ. ಬಲ್ಬ್ ಎಳೆಯುತ್ತದೆ, ಅದಕ್ಕೇ ನಿಜ ಹೇಳುತ್ತದೆ.

ಕಾರಣ ಸಿಕ್ಕಿದ್ದು ಜಂಕ್ಷನ್ ಬಾಕ್ಸ್‌ನಿಂದ ಒಂದು ಅಡಿ ಹಿಂದೆ. ಬಿಳಿ ವೈರಿನ ತುದಿಯ ಉಂಗುರವನ್ನು ಚಾಸಿಗೆ ಸ್ಕ್ರೂ ಹಾಕಿ ಕೂರಿಸಿದ್ದಾರೆ. ಕರಿ ಪೇಂಟಿನ ಮೇಲೇ! ಪೇಂಟ್ ಕೆರೆದಿಲ್ಲ. ಸ್ಕ್ರೂ ಕೂಡ ಬೆರಳಲ್ಲಿ ತಿರುಗುವಷ್ಟು ಸಡಿಲ. ಆತ ಬೆಳ್ಳಗೆ ಹೊಳೆಯುವ ತನಕ ಪೇಂಟ್ ಕೆರೆದು, ಹಲ್ಲಿನ ವಾಷರ್ ಹಾಕಿ ಬೋಲ್ಟ್ ಬಿಗಿದು, ಮೇಲೆ ಮತ್ತೆ ಪೇಂಟ್ ಬಳಿದರು. ಲೈಟು ಮದುವೆ ಮನೆ ಹಾಗೆ ಹತ್ತಿತು.

ನಾನಾಗಿದ್ದರೆ ಅಲ್ಲಿಗೆ ಕೈ ತೊಳೆದುಕೊಳ್ಳುತ್ತಿದ್ದೆ. ಆತ ಬಿಡಲಿಲ್ಲ. ಬ್ರೇಕಿನ ನೀಲಿ ವೈರಿಗೆ ಕ್ಲ್ಯಾಂಪ್ ಮೀಟರ್ ಕಚ್ಚಿಸಿ, ಕಂಟ್ರೋಲರಿನ ಲಿವರ್ ಪೂರ್ತಿ ಒತ್ತಲು ಹೇಳಿದರು. ಆರು ಆಂಪಿಯರ್. ಒಂದು ಚಕ್ರದಲ್ಲಿ ಬ್ರೇಕ್ ಹಿಡಿಸುವ ಮ್ಯಾಗ್ನೆಟ್ ಸುಮಾರು ಮೂರು ಆಂಪಿಯರ್ ಎಳೆಯುತ್ತದೆ, ನಾಲ್ಕು ಚಕ್ರಕ್ಕೆ ಹನ್ನೆರಡು ಬರಬೇಕು. ಅಂದರೆ ಎರಡು ಚಕ್ರ ಸತ್ತಿವೆ. ಯಾವ ಎರಡು? ಏಳು ಪಿನ್ ಪ್ಲಗ್ ಬಿಚ್ಚಿಟ್ಟರು. ಇಲ್ಲದಿದ್ದರೆ ಟ್ರೈಲರ್ ಬ್ಯಾಟರಿಯ ಕರೆಂಟು ಟ್ರಕ್ಕಿನ ಕಂಟ್ರೋಲರಿಗೆ ನುಗ್ಗುವ ಅಪಾಯ ಇದೆಯಂತೆ. ಜ್ಯಾಕ್ ಕೊಟ್ಟು ಒಂದೊಂದೇ ಚಕ್ರ ಎತ್ತಿ, ನನ್ನ ಕೈಯಲ್ಲಿ ತಿರುಗಿಸಿ, ಬ್ರೇಕ್‌ಅವೇ ಸ್ವಿಚ್ಚಿನ ಪಿನ್ ಎಳೆದರು. ಟ್ರೈಲರ್ ಕಳಚಿಕೊಂಡರೆ ತನ್ನದೇ ಬ್ಯಾಟರಿಯಿಂದ ಬ್ರೇಕ್ ಹಿಡಿಯುವ ಪಿನ್ ಅದು. ಮುಂದಿನ ಆಕ್ಸಲ್‌ನ ಚಕ್ರ ಟಕ್ ಅಂತ ನಿಂತಿತು. ಹಿಂದಿನದು ನನ್ನ ಕೈ ಬಿಟ್ಟಮೇಲೂ ಸುಮ್ನೆ ತಿರುಗುತ್ತಲೇ ಇತ್ತು.

ಹೊಟ್ಟೆಯೊಳಗೆ ಏನೋ ಒಂಥರಾ ಆಯಿತು. ಮಕ್ಕಳನ್ನು ಕೂರಿಸಿಕೊಂಡು ಘಾಟಿ ಇಳಿಸಿದ್ದು ಇದನ್ನೇ.

ಹಿಂದಿನ ಆಕ್ಸಲ್ ಹತ್ತಿರ ನೀಲಿ ವೈರಿನ ಜಾಯಿಂಟ್, ಆ ಪ್ಲಾಸ್ಟಿಕ್ ಕೊಳವೆಯಂಥ ಕ್ರಿಂಪ್, ನೋಡೋಕೆ ಚೆನ್ನಾಗೇ ಇತ್ತು. ಮೆಲ್ಲಗೆ ಎಳೆದರೆ ವೈರು ಕೈಗೇ ಬಂತು. ಸರಿಯಾಗಿ ಒತ್ತಿಯೇ ಇಲ್ಲ. ಒಳಗೆ ಅಂಟು ಇರುವ, ಬಿಸಿ ಮಾಡಿದರೆ ಮುದುಡಿ ಕೂರುವ ಜಾಯಿಂಟ್ ಹಾಕಿದರು. ಕೇಳದೆಯೇ ಉಳಿದ ಮೂರು ಕಡೆಯೂ ಬದಲಾಯಿಸಿದರು. ಮತ್ತೆ ಅಳೆದರೆ ಹನ್ನೊಂದೂ ಮುಕ್ಕಾಲು.

ಲೆಕ್ಕ ಹೀಗೆ: ಬಂದು ಹೋಗುವುದಕ್ಕೆ 125 ಡಾಲರ್, ಗಂಟೆಗೆ 150ರಂತೆ ಎರಡೂವರೆ ಗಂಟೆ, ಸಾಮಾನು 38. ಒಟ್ಟು 538. ಕೂಲಿ ಮತ್ತು ಸಾಮಾನಿನ 413 ಕಂಪನಿ ಕೊಟ್ಟಿತು, 125 ನನ್ನ ತಲೆಗೆ ಬಂತು. ಆ ಕೊಟ್ಟದ್ದೂ ಸುಲಭಕ್ಕಲ್ಲ. ಈತ ಬಿಲ್ಲನ್ನು ಒಂದು ಹಳದಿ ಚೀಟಿಯಲ್ಲಿ ಗೀಚಿ ಕೊಟ್ಟಿದ್ದರು, ಕಂಪನಿ ಅದನ್ನು ವಾಪಸ್ ಕಳಿಸಿತು. ಟೈಪ್ ಮಾಡಿದ ಬಿಲ್ ಬೇಕು ಅಂತ ಮೂರು ಸಲ ಕೇಳಿ, ಹನ್ನೆರಡು ದಿನ ಕಾದೆ. ಕಾರ್ಡ್ ತಗೊಳ್ಳುವುದಿಲ್ಲ, ಚೆಕ್ ಅಥವಾ ಕ್ಯಾಶ್ ಮಾತ್ರ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. ತಡವಾಗಿ ಬಂದದ್ದನ್ನು ಕ್ಷಮಿಸಿದ್ದೇನೆ, ಆ ಬಿಲ್ಲನ್ನು ಕ್ಷಮಿಸಿಲ್ಲ.

ಹೋದ ಶನಿವಾರ ಮತ್ತೆ ಅದೇ ಗ್ರೇಡ್ ಇಳಿದೆ. ಗೇನ್ ಐದೂವರೆ, ಟ್ರೈಲರ್ ಎಳೆಯುವವರಿಗೆ ಕ್ಯಾಲಿಫೋರ್ನಿಯಾ ಹಾಕಿರುವ ಮಿತಿ 55 ಮೈಲಿ, ನಾನು 50. ಪೆಡಲ್ ಒತ್ತಿದರೆ ಹಿಂದಿನಿಂದ ಯಾರೋ ಲಂಗ ಹಿಡಿದು ಎಳೆದ ಹಾಗೆ ಟ್ರೈಲರ್ ಹಿಡಿಯಿತು. ಬಲಗಡೆ ಮೇಲಿನ ಪುಟ್ಟ ಹಳದಿ ಲೈಟಿನೊಳಗೆ ನೀರು ಹೋಗಿದೆ, ಅದು ಬಾಕಿ ಇದೆ. ಮುಂದಿನ ವಾರ ಆತನೇ ಬರುತ್ತಾರೆ. ಈ ಸಲ ಬಿಲ್ ಕೈಗೆ ಬಂದಮೇಲೇ ಚೆಕ್.