ಪಾದಯಾತ್ರೆಯ ದಾರಿ ಅಳೆಯಲು ಕೊಂಡ ಜಿಪಿಎಸ್: ಗಾರ್ಮಿನ್ ಇಟ್ರೆಕ್ಸ್ 22ಎಕ್ಸ್

ಮೂವತ್ತೊಂದು ವರ್ಷ ತುಮಕೂರು ಜಿಲ್ಲೆಯಲ್ಲಿ ಜಮೀನು ಅಳೆದವನು ನಾನು. ಸರಪಳಿ ಹಿಡಿದು ಕೆಲಸ ಕಲಿತೆ. 33 ಅಡಿ ಸರಪಳಿ, ಅದರಲ್ಲಿ 16 ಭಾಗ, ಒಂದೊಂದು ಭಾಗಕ್ಕೂ ಆಣೆ ಅಂತ ಹೆಸರು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಅಂದರೆ ಒಂದು ಗುಂಟೆ. ಹಾಗಾಗಿ ಯಾರಾದರೂ 'ಇವತ್ತು ನಲವತ್ತು ಕಿಲೋಮೀಟರ್ ನಡೆದೆವು' ಅಂದರೆ, ಯಾವುದರಲ್ಲಿ ಅಳೆದಿರಿ ಅಂತ ಕೇಳದೆ ಇರಲು ಆಗುವುದಿಲ್ಲ.

ಶಿವರಾತ್ರಿಗೆ ಮುಂಚೆ ಪ್ರತಿ ವರ್ಷ ಕುಣಿಗಲ್ ಕಡೆಯ ನಮ್ಮ ಊರಿನಿಂದ ಧರ್ಮಸ್ಥಳಕ್ಕೆ ನಡೆದು ಹೋಗುತ್ತೇವೆ. ಎಡೆಯೂರು, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ, ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ. ಆಮೇಲೆ ಚಾರ್ಮಾಡಿ ಘಾಟಿ ಇಳಿದು ಉಜಿರೆ. ಇಪ್ಪತ್ತೆರಡು ಜನ, ಅದರಲ್ಲಿ ಎಂಟು ಹೆಂಗಸರು. ಮುಂದಿನ ನಲ್ಲಿ ಎಷ್ಟು ದೂರ, ರಾತ್ರಿ ಮಲಗುವ ಜಾಗ ಇನ್ನೆಷ್ಟು ದೂರ ಅನ್ನುವುದೇ ದಾರಿಯುದ್ದಕ್ಕೂ ಮಾತು. ಮೂರು ಜನರ ಫೋನು ಮೂರು ಲೆಕ್ಕ ಹೇಳುತ್ತದೆ. ಮಧ್ಯಾಹ್ನದ ಹೊತ್ತಿಗೆ ಅವುಗಳಲ್ಲಿ ಎರಡು ಆರಿರುತ್ತವೆ. ಈ ದಾರಿಯನ್ನು ಒಮ್ಮೆ ಸರಿಯಾಗಿ ಅಳೆದು, ನೀರು ನೆರಳಿನ ಜಾಗ ಗುರುತು ಹಾಕಿ, ಮುಂದೆ ನಡೆಯುವವರ ಕೈಗೆ ಕೊಡಬೇಕು ಅನ್ನಿಸಿತು. ಅದಕ್ಕೇ ಈ ಜಿಪಿಎಸ್ ಕೊಂಡೆ, ಉಪಗ್ರಹಗಳ ಸಹಾಯದಿಂದ ನಿಂತ ಜಾಗ, ನಡೆದ ದಾರಿ ಹೇಳುವ ಕೈಯಂತ್ರ ಇದು. ಇಪ್ಪತ್ತು ಸಾವಿರಕ್ಕೆ ಹತ್ತಿರ ಆಯಿತು. ನಿವೃತ್ತಿಯಾದವನಿಗೆ ಅದು ದೊಡ್ಡ ದುಡ್ಡೇ.

ಮೊದಲು ಸೆಲ್ಲಿನ ವಿಷಯ. ನಾನು ಇದನ್ನೇ ಆರಿಸಲು ಅದೇ ಕಾರಣ. ಇದಕ್ಕೆ ಎರಡು ಎಎ ಸೆಲ್ ಸಾಕು, ಅದೇ ನಮ್ಮ ಪೆನ್ಸಿಲ್ ಸೆಲ್. ಹಿರೀಸಾವೆಯ ಪೆಟ್ಟಿಗೆ ಅಂಗಡಿಯಲ್ಲೂ ಸಿಗುತ್ತದೆ. ಚಾರ್ಜಿಂಗ್ ಪಾಯಿಂಟಿಗೆ ಛತ್ರದಲ್ಲಿ ಸಾಲು ನಿಲ್ಲಬೇಕಿಲ್ಲ. ಕಂಪನಿ 25 ಗಂಟೆ ಅನ್ನುತ್ತದೆ. ಪರದೆಯ ಬೆಳಕು ಕಡಿಮೆ ಇಟ್ಟರೆ ನನಗೆ ಒಂದು ಜೊತೆ ಆಲ್ಕಲೈನ್ ಸೆಲ್ ಎರಡು ದಿನ ನಡೆಯಿತು. ಅಗ್ಗದ ಸೆಲ್ ಹಾಕಬೇಡಿ, ಬೇಗ ಕೈ ಕೊಡುತ್ತದೆ. ಯಾವ ಸೆಲ್ ಹಾಕಿದ್ದೀರಿ ಅಂತ ಸಿಸ್ಟಮ್ ಮೆನುವಿನಲ್ಲಿ ಹೇಳಬೇಕು: ಆಲ್ಕಲೈನ್, ಲಿಥಿಯಂ ಅಥವಾ ರೀಚಾರ್ಜ್ ಆಗುವ ನಿಕಲ್ ಸೆಲ್. ತಪ್ಪು ಹೇಳಿದರೆ ಸೆಲ್ ಎಷ್ಟು ಉಳಿದಿದೆ ಅನ್ನುವ ಗುರುತು ತಪ್ಪು ತೋರಿಸುತ್ತದೆ.

ಪೆಟ್ಟಿಗೆ ತೆರೆದ ದಿನವೇ ದಾರಿ ಹಿಡಿಯಬೇಡಿ. ಎರಡು ಸಂಜೆ ಇದಕ್ಕೆ ಕೊಡಿ. ಮೊದಲ ಸಲ ಬಯಲಿನಲ್ಲಿ ಇಟ್ಟು ಹತ್ತು ನಿಮಿಷ ಸುಮ್ಮನೆ ಬಿಡಿ. ಉಪಗ್ರಹಗಳು ಇಪ್ಪತ್ತು ಸಾವಿರ ಕಿ.ಮೀ. ಎತ್ತರದಲ್ಲಿವೆ, ಕನಿಷ್ಠ ನಾಲ್ಕು ಸಿಕ್ಕರೆ ಮಾತ್ರ ಜಾಗ ಸರಿಯಾಗಿ ಗೊತ್ತಾಗುತ್ತದೆ. ಅಮೆರಿಕದ ಜಿಪಿಎಸ್ ಜೊತೆಗೆ ರಷ್ಯಾದ ಗ್ಲೋನಾಸ್ ಅನ್ನೂ ಆನ್ ಮಾಡಿ. ಸೆಲ್ ಸ್ವಲ್ಪ ಜಾಸ್ತಿ ತಿನ್ನುತ್ತದೆ. ಆದರೆ ಮರ ಮತ್ತು ಗುಡ್ಡದ ಮಧ್ಯೆ ಅದು ಬೇಕೇ ಬೇಕು.

ಮುಖ್ಯ ಇರುವುದು ಟ್ರ್ಯಾಕ್ ಸೆಟ್ಟಿಂಗಿನಲ್ಲಿ. ನಡೆದ ದಾರಿಯನ್ನು ಈ ಯಂತ್ರ ಚುಕ್ಕೆಗಳಾಗಿ ಬರೆದಿಡುತ್ತದೆ. ಚುಕ್ಕೆ ಯಾವಾಗ ಇಡಬೇಕು ಅಂತ ನಾವು ಹೇಳಬೇಕು. ಆಟೋ, ಸಮಯ, ದೂರ ಅಂತ ಮೂರು ವಿಧ ಇವೆ. ಯಾವುದು ಒಳ್ಳೆಯದು ಅಂತ ತಿಳಿಯಲು ತುಮಕೂರಿನ ಮಹಾತ್ಮ ಗಾಂಧಿ ಕ್ರೀಡಾಂಗಣಕ್ಕೆ ಹೋದೆ. ಓಟದ ಪಥದ ಮೊದಲ ಸಾಲು ಒಳ ಅಂಚಿನಿಂದ 30 ಸೆಂ.ಮೀ. ಆಚೆಗೆ ಸರಿಯಾಗಿ 400 ಮೀಟರ್. ಇದಕ್ಕಿಂತ ಒಳ್ಳೆಯ ಅಳತೆಗೋಲು ಊರಲ್ಲಿ ಎಲ್ಲಿದೆ? ಒಂದೊಂದು ವಿಧಕ್ಕೂ ಹತ್ತು ಸುತ್ತು, ಮೂರು ಬೆಳಿಗ್ಗೆ ನಡೆದೆ. ನಿಜವಾದ ದೂರ 4 ಕಿ.ಮೀ. ಆಟೋ 3.91 ತೋರಿಸಿತು, ಯಾಕೆಂದರೆ ತಿರುವಿನಲ್ಲಿ ಚುಕ್ಕೆ ಕಡಿಮೆ ಇಟ್ಟು ಮೂಲೆ ಕತ್ತರಿಸುತ್ತದೆ. ಸೆಕೆಂಡಿಗೊಂದು ಚುಕ್ಕೆ ಇಟ್ಟರೆ 4.13 ಬಂತು. ಪ್ರತಿ ಚುಕ್ಕೆಯೂ ಒಂದೆರಡು ಮೀಟರ್ ಆಚೀಚೆ ಅಲುಗುತ್ತದೆ, ಅದೆಲ್ಲ ಸೇರಿ ದೂರ ಬೆಳೆಯುತ್ತದೆ. 10 ಮೀಟರಿಗೊಂದು ಚುಕ್ಕೆ ಇಟ್ಟಾಗ 4.04. ಸರಪಳಿ ಹಿಡಿದವನಿಗೆ ಇದು ಒಪ್ಪುವ ಲೆಕ್ಕ.

ಇನ್ನೂ ಒಂದು ನೋಡಿದೆ. ಸೆಕೆಂಡಿನ ಲೆಕ್ಕದಲ್ಲಿ ಬಿಟ್ಟು ಅಮಾನಿಕೆರೆ ಹತ್ತಿರ ಬೆಂಚಿನ ಮೇಲೆ ನಲವತ್ತು ನಿಮಿಷ ಕೂತೆ. ಮ್ಯಾಪಿನಲ್ಲಿ ದಾರದ ಉಂಡೆಯಂತೆ ಗೆರೆ ಸುತ್ತಿಕೊಂಡಿತ್ತು. ಕೂತ ಕಡೆಯಲ್ಲೇ ಇನ್ನೂರು ಮೀಟರಿಗೂ ಹೆಚ್ಚು 'ನಡೆದಿದ್ದೆ'. ದಿನಕ್ಕೆ ನಾಲ್ಕು ಸಲ ಕೂರುವ ಪಾದಯಾತ್ರಿಯ ಲೆಕ್ಕ ಏನಾಗುತ್ತದೆ ಯೋಚಿಸಿ. ಜೊತೆಗೆ, ಒಂದು ಟ್ರ್ಯಾಕಿಗೆ ಹಿಡಿಯುವುದು 10,000 ಚುಕ್ಕೆ. ಸೆಕೆಂಡಿಗೊಂದಾದರೆ ಮೂರು ಗಂಟೆಯೊಳಗೆ ತುಂಬುತ್ತದೆ. 10 ಮೀಟರಿಗೊಂದಾದರೆ 100 ಕಿ.ಮೀ. ಬರುತ್ತದೆ, ಅಂದರೆ ಎರಡೂವರೆ ದಿನದ ನಡಿಗೆ. ಆಟೋ ಆರ್ಕೈವ್ ಅನ್ನುವುದನ್ನು ಡೈಲಿ ಅಂತ ಇಡಿ. ಪ್ರತಿ ದಿನದ ದಾರಿ ಬೇರೆ ಬೇರೆ ಕಡತವಾಗಿ ಉಳಿಯುತ್ತದೆ.

ಟ್ರಿಪ್ ಕಂಪ್ಯೂಟರ್ ಪುಟದಲ್ಲಿ ಕಾಣುವ ಓಡೋಮೀಟರ್ ಬೇರೆ, ಟ್ರ್ಯಾಕಿನ ಉದ್ದ ಬೇರೆ. ಎರಡೂ ಸಮ ಬರುವುದಿಲ್ಲ. ನಾನು ಟ್ರ್ಯಾಕನ್ನೇ ನಂಬುತ್ತೇನೆ. ಹೊರಡುವ ಮುಂಚೆ ಎರಡನ್ನೂ ಬೇರೆ ಬೇರೆಯಾಗಿ ಅಳಿಸಬೇಕು. ಮೊದಲ ವರ್ಷ ನಾನು ಅಳಿಸಲಿಲ್ಲ. ತುಮಕೂರಿನಿಂದ ಊರಿಗೆ ಬಸ್ಸಿನಲ್ಲಿ ಹೋಗುವಾಗ ಯಂತ್ರ ಬ್ಯಾಗಿನಲ್ಲಿ ಆನ್ ಇತ್ತು. ಆ ಬಸ್ಸಿನ ದಾರಿಯೂ ಮೊದಲ ದಿನದ ನಡಿಗೆಗೆ ಸೇರಿಬಿಟ್ಟಿತು. ರಾತ್ರಿ ಎಡೆಯೂರಿನಲ್ಲಿ ಎಲ್ಲರೂ ಎಷ್ಟಾಯಿತು ಅಂತ ಕೇಳಿದಾಗ ಹೇಳಲು ನನ್ನ ಹತ್ತಿರ ಲೆಕ್ಕ ಇರಲಿಲ್ಲ. ತುಂಬಾ ಬೇಜಾರಾಯಿತು.

ಎತ್ತರದ ವಿಷಯಕ್ಕೆ ಇದನ್ನು ಜಾಸ್ತಿ ನಂಬಬೇಡಿ. ಒಂದೇ ದಿನ ಎರಡು ಸಲ ದೇವರಾಯನದುರ್ಗ ಹತ್ತಿದೆ. ಯೋಗಾನರಸಿಂಹ ದೇವಸ್ಥಾನದ ಅದೇ ಮೆಟ್ಟಿಲ ಮೇಲೆ ನಿಂತು ನೋಡಿದರೆ ಎರಡು ಓದುಗಳ ಮಧ್ಯೆ 20 ಮೀಟರಿಗಿಂತ ಜಾಸ್ತಿ ವ್ಯತ್ಯಾಸ. ಉಪಗ್ರಹದಿಂದ ಬರುವ ಎತ್ತರ ಯಾವಾಗಲೂ ದೂರಕ್ಕಿಂತ ಒರಟು. ಎಲ್ಲ ಉಪಗ್ರಹಗಳೂ ನಮ್ಮ ತಲೆಯ ಮೇಲೇ ಇರುತ್ತವೆ, ಕಾಲ ಕೆಳಗೆ ಇರುವುದಿಲ್ಲವಲ್ಲ. ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ಉಪಕರಣ 32ಎಕ್ಸ್ ಮಾಡೆಲ್ಲಿನಲ್ಲಿದೆ, ಇದರಲ್ಲಿಲ್ಲ. ಬೆಟ್ಟ ಹತ್ತುವುದೇ ಮುಖ್ಯ ಅನ್ನುವವರು ಅದನ್ನೇ ಕೊಳ್ಳಿ. ರಸ್ತೆ ಬದಿ ನಡೆಯುವ ನಮಗೆ ಇದು ಸಾಕು.

ಮ್ಯಾಪ್: ಓಪನ್‌ಸ್ಟ್ರೀಟ್‌ಮ್ಯಾಪ್ ಉಚಿತವಾಗಿ ಸಿಗುತ್ತದೆ. ಗಾರ್ಮಿನ್‌ಗೆ ಹೊಂದುವ ಕಡತವನ್ನು ಮೆಮೊರಿ ಕಾರ್ಡಿನ ಗಾರ್ಮಿನ್ ಫೋಲ್ಡರಿಗೆ ಹಾಕಿದರೆ ಆಯಿತು. ನನ್ನ ತಂಗಿಯ ಮಗ ಹತ್ತು ನಿಮಿಷದಲ್ಲಿ ಮಾಡಿಕೊಟ್ಟ. ಕೇಬಲ್ ಹಳೆಯ ಮಿನಿ ಯುಎಸ್‌ಬಿ, ಜೋಪಾನ. ಫೋನಿನ ವೈರು ಇದಕ್ಕೆ ಆಗುವುದಿಲ್ಲ.

ಪರದೆ 2.2 ಇಂಚು ಮಾತ್ರ. ವಯಸ್ಸಾದ ಕಣ್ಣಿಗೆ ಕನ್ನಡಕ ಬೇಕು. ಬಿಸಿಲಿನಲ್ಲಿ ಮಾತ್ರ ಫೋನಿಗಿಂತ ಚೆನ್ನಾಗಿ ಕಾಣುತ್ತದೆ. ಮುಟ್ಟುವ ಪರದೆ ಅಲ್ಲ, ಸಣ್ಣ ಗುಂಡಿಯನ್ನು ಆಚೀಚೆ ತಳ್ಳಿ ಒಂದೊಂದೇ ಅಕ್ಷರ ಆರಿಸಬೇಕು. ಕನ್ನಡದಲ್ಲಿ ಬರೆಯಲು ಆಗುವುದಿಲ್ಲ. ಅದಕ್ಕೆ ನಾನೇ ಒಂದು ಗುರುತು ಮಾಡಿಕೊಂಡೆ. ಎನ್ ಅಂದರೆ ನೀರು, ಎಂ ಅಂದರೆ ಮಜ್ಜಿಗೆ ಕೊಡುವ ಮನೆ, ಸಿ ಅಂದರೆ ಛತ್ರ, ಟಿ ಅಂದರೆ ಕೂರಲು ಒಳ್ಳೆಯ ಮರ. ಪಕ್ಕದಲ್ಲಿ ನಂಬರು. ವಿವರ ಎಲ್ಲ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ನಾವು ಫೀಲ್ಡ್ ಬುಕ್ ಬರೆಯುತ್ತಿದ್ದದ್ದೂ ಹೀಗೆಯೇ.

ಜೇಬಿನಲ್ಲಿ ಇಡಬೇಡಿ. ಬ್ಯಾಗಿನ ಪಟ್ಟಿಗೆ, ಭುಜದ ಮೇಲೆ, ಆಕಾಶ ಕಾಣುವಂತೆ ಕಟ್ಟಿ. ಮಳೆಯ ಭಯವಿಲ್ಲ, ನೀರಿಗೆ ತಡೆಯುವಂತೆಯೇ ಮಾಡಿದ್ದಾರೆ. ಇನ್ನೊಂದು ಮಾತು, ಇದು ಉಪಗ್ರಹದಿಂದ ಬರುವುದನ್ನು ಕೇಳಿಸಿಕೊಳ್ಳುತ್ತದೆ ಅಷ್ಟೇ, ಏನನ್ನೂ ಕಳಿಸುವುದಿಲ್ಲ. ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಯಂತ್ರಗಳಿಗೆ ನಮ್ಮ ದೇಶದಲ್ಲಿ ಸರ್ಕಾರದ ಅನುಮತಿ ಬೇಕು. ವಿದೇಶದಿಂದ ಯಾರಾದರೂ ತಂದುಕೊಡುತ್ತೇನೆ ಅಂದರೆ ಯಾವ ಮಾಡೆಲ್ ಅಂತ ಮೊದಲು ನೋಡಿ.

ಈ ಸಲ ಏಳು ದಿನದ ಏಳು ಕಡತ ಕೈಯಲ್ಲಿವೆ. ಜೊತೆಗೆ 64 ಗುರುತು, ಅದರಲ್ಲಿ 27 ನೀರು. ಕೊಟ್ಟಿಗೆಹಾರ ದಾಟಿದ ಮೇಲೆ ಘಾಟಿಯಲ್ಲಿ ಮಾತ್ರ ಎರಡು ಕಡೆ ಗೆರೆ ರಸ್ತೆ ಬಿಟ್ಟು ಕಣಿವೆಗೆ ಹಾರಿದೆ. ಅಲ್ಲಿ ಒಂದು ಪಕ್ಕ ಬಂಡೆ, ಮೇಲೆ ಮರ, ಆಕಾಶವೇ ಸರಿಯಾಗಿ ಕಾಣುವುದಿಲ್ಲ. ಆ ಎರಡು ತುಂಡನ್ನು ಮುಂದಿನ ವರ್ಷ ಮತ್ತೆ ಅಳೆಯಬೇಕು. ಉಳಿದದ್ದನ್ನು ಊರಿನ ಹುಡುಗರ ಫೋನಿಗೆ ಹಾಕಿಕೊಟ್ಟಿದ್ದೇನೆ. ಹಾಸನ ದಾಟಿದ ಮೇಲೆ ಎಂ 9 ಅನ್ನುವ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಬೆಳಿಗ್ಗೆ ಹತ್ತರೊಳಗೆ ಹೋದರೆ ಮಜ್ಜಿಗೆಗೆ ಕೊತ್ತಂಬರಿ ಸೊಪ್ಪು ಹಾಕಿ ಕೊಡುತ್ತಾರೆ.